ನೀರಿಲ್ಲದ ದ್ವೀಪಗಳಲ್ಲಿ ಒಬ್ಬ ಧರ್ಮಾಧ್ಯಕ್ಷರು

ದಕ್ಷಿಣ ಅಮೆರಿಕದ ಎಕ್ವಡಾರ್ ದೇಶದ ತೀರದಿಂದ ಪಶ್ಚಿಮಕ್ಕೆ ಸುಮಾರು 1000 ಕಿಲೋಮೀಟರ್ ದೂರದಲ್ಲಿ, ಶಾಂತಸಾಗರದ ನಡುವೆ, ಭೂಮಧ್ಯರೇಖೆಯ ಇಕ್ಕೆಲಗಳಲ್ಲಿ ಹರಡಿಕೊಂಡಿರುವ ಗಲಾಪಗೋಸ್ ದ್ವೀಪಗಳ ಹೆಸರನ್ನು ಕೇಳದ ವಾಚಕರು ವಿರಳ. ಸಮುದ್ರದ ತಳದಿಂದ ಉಕ್ಕಿದ ಜ್ವಾಲಾಮುಖಿಗಳು ತಣಿದು ಗಟ್ಟಿಯಾಗಿ ರೂಪುಗೊಂಡ ಈ ನೆಲ ಎಂದೂ ಯಾವ ಭೂಖಂಡಕ್ಕೂ ಅಂಟಿಕೊಂಡಿರಲಿಲ್ಲ. ಆದಕಾರಣ ಅಲ್ಲಿನ ಪ್ರಾಣಿಪಕ್ಷಿಗಳಲ್ಲಿ ಹಲವು ಬೇರೆಲ್ಲಿಯೂ ಕಾಣಸಿಗುವುದಿಲ್ಲ. ಇಂದು ಜಗತ್ತಿನ ನಾನಾ ಕಡೆಗಳಿಂದ ಜನರು ಅವುಗಳನ್ನು ನೋಡಲೆಂದು ಅಲ್ಲಿಗೆ ಹೋಗುತ್ತಾರೆ. ದೊಡ್ಡ ಹಡಗುಗಳಿಗೆ ಅಲ್ಲಿ ಅವಕಾಶವಿಲ್ಲ. 100 ಪ್ರಯಾಣಿಕರೇ ಮೇಲ್ಮಿತಿ. ಬಹಳಷ್ಟು ನೌಕೆಗಳು ಕೇವಲ 16 ಮಂದಿಯನ್ನು ಹೊತ್ತು ದ್ವೀಪದಿಂದ ದ್ವೀಪಕ್ಕೆ ಸಾಗುವ ಚಿಕ್ಕ ನೌಕೆಗಳು. ರಾತ್ರಿ ಹಡಗಿನಲ್ಲಿಯೇ ಮಲಗಿ, ಬೆಳಗಾದೊಡನೆ ರಬ್ಬರ್ ದೋಣಿಯಲ್ಲಿ ದಡ ಸೇರಿ, ರಾಷ್ಟ್ರೀಯ ಉದ್ಯಾನದ ಪರವಾನಗಿಯುಳ್ಳ ಮಾರ್ಗದರ್ಶಿಯ ಹಿಂದೆ ಗುರುತಿಸಿದ ಕಾಲುದಾರಿಯಲ್ಲಿಯೇ ನಡೆಯಬೇಕು. ಯಾವ ಪ್ರಾಣಿಗೂ ಎರಡು ಮೀಟರಿಗಿಂತ ಸಮೀಪ ಹೋಗಕೂಡದು. ಒಂದು ಕಲ್ಲನ್ನೂ ಎತ್ತಿ ಜೇಬಿಗೆ ಹಾಕಿಕೊಳ್ಳುವಂತಿಲ್ಲ. ಅನೇಕ ನೌಕೆಗಳಲ್ಲಿ ಸಮುದ್ರದ ಉಪ್ಪುನೀರನ್ನು ಸಿಹಿನೀರನ್ನಾಗಿ ಮಾಡುವ ಯಂತ್ರಗಳೂ ಇವೆ.

ಈ ದ್ವೀಪಗಳ ಮಾತು ಬಂದೊಡನೆ ವಿದ್ಯಾವಂತರ ನೆನಪಿಗೆ ಬರುವ ಹೆಸರು ಚಾರ್ಲ್ಸ್ ಡಾರ್ವಿನ್‌ರದು. ಅವರು ಅಲ್ಲಿಗೆ ಬಂದದ್ದು 1835ರ ಸೆಪ್ಟೆಂಬರಿನಲ್ಲಿ. ತಂಗಿದ್ದು ಸುಮಾರು ಐದು ವಾರ. ಆದರೆ ಅದಕ್ಕೆ ಸರಿಯಾಗಿ ಮುನ್ನೂರು ವರ್ಷಗಳ ಮೊದಲು, ಗಾಳಿಯಿಲ್ಲದ ಹಡಗೊಂದರಲ್ಲಿ, ತಮ್ಮ ಇಚ್ಛೆಗೆ ವಿರುದ್ಧವಾಗಿ, ಸಾಯುವಷ್ಟು ಬಾಯಾರಿ ಅದೇ ದಡಕ್ಕೆ ಬಂದಿಳಿದವರು ನಮ್ಮ ಧರ್ಮಸಭೆಯ ಒಬ್ಬ ಧರ್ಮಾಧ್ಯಕ್ಷರು. ಆ ದ್ವೀಪಗಳ ಬಗ್ಗೆ ದಾಖಲೆಯುಳ್ಳ ಪ್ರಥಮ ಭೇಟಿ ಅವರದೇ. ಸ್ಪೇನ್ ಮತ್ತು ಅಮೆರಿಕಗಳ ಚರಿತ್ರೆಯಲ್ಲಿ ಪ್ರಸಿದ್ಧರಾದ, ನಮ್ಮಲ್ಲಿ ಅಷ್ಟಾಗಿ ಪರಿಚಿತರಲ್ಲದ ಆ ಫ್ರೇ ತೊಮಾಸ್ ದೆ ಬೆರ್ಲಾಂಗರ ಜೀವನವನ್ನು ಈ ವಾರ ಸ್ಮರಿಸಿಕೊಳ್ಳಬಯಸುತ್ತೇವೆ.

ಸ್ಪೇನಿನ ಕಾಸ್ತೀಲ್ಯ ಪ್ರಾಂತ್ಯದಲ್ಲಿ ದ್ವೇರೊ ನದಿಯ ಸಮೀಪದ ಬೆರ್ಲಾಂಗ ಎಂಬ ಊರಿನಲ್ಲಿ, 1487ರ ಸುಮಾರಿಗೆ ಅವರು ಜನಿಸಿದರು. ತರುಣರಾಗಿದ್ದಾಗಲೇ ಸಾಲಮಾಂಕದ ಸಂತ ಸ್ತೇಫಾನರ ಮಠವನ್ನು ಸೇರಿ 1508ರಲ್ಲಿ ದೊಮಿನಿಕ್ ಸಭೆಯ ವ್ರತಗಳನ್ನು ಸ್ವೀಕರಿಸಿದರು. ಅಂದಿನ ಕ್ರೈಸ್ತ ಜಗತ್ತಿನಲ್ಲಿ ದೈವಶಾಸ್ತ್ರಕ್ಕೆ ಅದಕ್ಕಿಂತ ಹಿರಿದಾದ ಮನೆ ಹೆಚ್ಚು ಇರಲಿಲ್ಲ. ಅಲ್ಲಿಂದ ಅವರನ್ನು ಅಟ್ಲಾಂಟಿಕ್ ಸಾಗರದಾಚೆಯ ಹಿಸ್ಪಾನಿಯೋಲ ದ್ವೀಪಕ್ಕೆ ಕಳುಹಿಸಲಾಯಿತು. ಅಲ್ಲಿನ ಸಾಂತೊ ದೊಮಿಂಗೊ ಪಟ್ಟಣದ ದೊಮಿನಿಕ್ ಮಠ ಸಾಮಾನ್ಯ ಮಠವಾಗಿರಲಿಲ್ಲ. 1511ರ ಆಗಮನ ಕಾಲದ ಒಂದು ಭಾನುವಾರ ಆ ಮಠದ ಫ್ರೇ ಅಂತೋನಿಯೊ ದೆ ಮೊಂತೆಸೀನೊಸರು ಪೀಠದ ಮುಂದೆ ನಿಂತು, ಸ್ಥಳೀಯ ಜನರನ್ನು ಗಣಿಗಳಲ್ಲಿ ದುಡಿಸಿ ಕೊಲ್ಲುತ್ತಿದ್ದ ಸ್ಪೇನಿನ ಒಡೆಯರನ್ನು, ಯಾವ ಹಕ್ಕಿನಿಂದ ಈ ಕ್ರೌರ್ಯ ನಡೆಸುತ್ತಿರುವಿರಿ ಎಂದು ನೇರವಾಗಿ ಪ್ರಶ್ನಿಸಿದ್ದರು. ಕೆಲವು ವರ್ಷಗಳ ನಂತರ ಬಾರ್ತೊಲೊಮೆ ದೆ ಲಾಸ್ ಕಾಸಾಸರು ದೊಮಿನಿಕ್ ಸಭೆಯನ್ನು ಸೇರಿದ್ದೂ ಅದೇ ಪಟ್ಟಣದಲ್ಲಿ. ಇಂಥ ಮಠದಲ್ಲಿ ಫ್ರೇ ತೊಮಾಸರು ಬೆಳೆದರು, ಮಠಾಧಿಪತಿಗಳಾದರು, ಮುಂದೆ ಆ ಇಡೀ ಪ್ರಾಂತ್ಯದ ಶ್ರೇಷ್ಠಾಧಿಕಾರಿಯೂ ಆದರು.

ಆ ಕಾಲದ ಒಂದು ಸಣ್ಣ ಸಂಗತಿಯನ್ನು ಬಿಟ್ಟುಬಿಡಲು ನಮಗೆ ಮನಸ್ಸಿಲ್ಲ. 1516ರಲ್ಲಿ ಅವರು ಕನೇರಿ ದ್ವೀಪಗಳಿಂದ ಬಾಳೆಯ ಕಂದುಗಳನ್ನು ಸಾಂತೊ ದೊಮಿಂಗೊಕ್ಕೆ ತಂದು ನೆಡಿಸಿದರೆಂದು ಅಂದಿನ ಚರಿತ್ರಕಾರ ಒವಿಯೆದೊ ಬರೆದಿಟ್ಟಿದ್ದಾರೆ. ಪೂರ್ವದ ದೇಶಗಳಲ್ಲಿ ಹುಟ್ಟಿ, ನಮ್ಮ ಹಿತ್ತಿಲುಗಳಲ್ಲಿಯೂ ಅನಾದಿಕಾಲದಿಂದ ಬೆಳೆಯುತ್ತಿದ್ದ ಬಾಳೆ ಹೀಗೆ ಒಬ್ಬ ಸಂನ್ಯಾಸಿಯ ಕೈಯಿಂದ ಹೊಸ ಜಗತ್ತಿನ ಮಣ್ಣು ಮುಟ್ಟಿತು. ಇಂದು ವಿಶ್ವಕ್ಕೆ ಅತಿ ಹೆಚ್ಚು ಬಾಳೆಹಣ್ಣನ್ನು ರಫ್ತು ಮಾಡುವ ದೇಶ ಎಕ್ವಡಾರ್. ಗಲಾಪಗೋಸ್ ಸೇರಿರುವುದೂ ಅದೇ ದೇಶಕ್ಕೆ.

1534ರಲ್ಲಿ ಅವರು ಪನಾಮದ ಧರ್ಮಾಧ್ಯಕ್ಷರಾಗಿ ನೇಮಕಗೊಂಡರು. ಅಷ್ಟು ಹೊತ್ತಿಗೆ ಪೆರು ದೇಶದಿಂದ ಕೆಟ್ಟ ಸುದ್ದಿಗಳು ಬರತೊಡಗಿದ್ದವು. ಇಂಕಾ ದೊರೆ ಅತಹುಅಲ್ಪನನ್ನು ಸೆರೆಹಿಡಿದು, ಕೋಣೆ ತುಂಬ ಚಿನ್ನವನ್ನು ಬಿಡುಗಡೆಯ ಬೆಲೆಯಾಗಿ ಪಡೆದು, 1533ರಲ್ಲಿ ಅವನನ್ನು ಕೊಂದೂ ಹಾಕಿದ್ದ ಫ್ರಾನ್ಸಿಸ್ಕೊ ಪಿಸಾರೊ ಮತ್ತು ಅವನ ಜೊತೆಗಾರ ದಿಯೇಗೊ ದೆ ಅಲ್ಮಾಗ್ರೊ ಗೆದ್ದ ನಾಡನ್ನು ಹಂಚಿಕೊಳ್ಳುವಲ್ಲಿ ಪರಸ್ಪರ ಹಲ್ಲು ಕಡಿಯುತ್ತಿದ್ದರು. ಚಕ್ರವರ್ತಿ ಐದನೆಯ ಚಾರ್ಲ್ಸ್ ಹೊಸ ಧರ್ಮಾಧ್ಯಕ್ಷರಿಗೆ ಒಂದು ಹೊರೆಯನ್ನು ಹೊರಿಸಿದ. ಪೆರುವಿಗೆ ಹೋಗಿ ಇಬ್ಬರ ಗಡಿಯನ್ನು ಗೊತ್ತುಪಡಿಸಬೇಕು. ಅರಮನೆಗೆ ಸಲ್ಲಬೇಕಾದ ಐದನೆಯ ಒಂದು ಪಾಲು ನ್ಯಾಯವಾಗಿ ಸಲ್ಲುತ್ತಿದೆಯೇ ಎಂದು ತನಿಖೆ ಮಾಡಬೇಕು. ಸ್ಥಳೀಯ ಜನರನ್ನು ಹೇಗೆ ನಡೆಸಿಕೊಳ್ಳಲಾಗುತ್ತಿದೆ ಎಂಬುದನ್ನೂ ನೋಡಿ ತಿಳಿಸಬೇಕು. ಸೈನ್ಯವಿಲ್ಲದ ಒಬ್ಬ ಸಂನ್ಯಾಸಿ ಖಡ್ಗ ಹಿಡಿದವರ ಜಗಳವನ್ನು ಕಾಗದದಿಂದ ಬಿಡಿಸಬೇಕಾಗಿತ್ತು.

1535ರ ಫೆಬ್ರವರಿ 23ರಂದು ಹಡಗು ಪನಾಮವನ್ನು ಬಿಟ್ಟಿತು. ಏಳು ದಿನ ಗಾಳಿ ಅನುಕೂಲವಾಗಿತ್ತು. ಚುಕ್ಕಾಣಿಗ ದಡದ ಸಮೀಪದಲ್ಲಿಯೇ ನಡೆಸಿದ. ಬಳಿಕ ಗಾಳಿ ನಿಂತಿತು. ಆರು ದಿನ ಹಾಯಿಗಳು ಜೋತುಬಿದ್ದಿದ್ದವು. ಗಾಳಿ ನಿಂತರೂ ನೀರು ನಿಲ್ಲಲಿಲ್ಲ. ಆ ಭಾಗದ ಸಾಗರಪ್ರವಾಹಗಳು ಹಡಗನ್ನು ತೀರದಿಂದ ಸೆಳೆದು ಪಶ್ಚಿಮದತ್ತ ಒಯ್ದವು. ಮಾರ್ಚ್ 10, ಬುಧವಾರ, ಒಂದು ದ್ವೀಪ ಕಾಣಿಸಿತು. ಹಡಗಿನಲ್ಲಿ ಉಳಿದಿದ್ದುದು ಇನ್ನೆರಡು ದಿನಗಳ ನೀರು ಮಾತ್ರ. ಮನುಷ್ಯರಷ್ಟೇ ಅಲ್ಲ, ಕುದುರೆಗಳೂ ಹಡಗಿನಲ್ಲಿದ್ದವು.

ನೀರು ಮತ್ತು ಹುಲ್ಲಿಗಾಗಿ ದೋಣಿ ಇಳಿಸಿ ದಡಕ್ಕೆ ಹೋದವರಿಗೆ ಸಿಕ್ಕಿದ್ದು ನೀರುನಾಯಿಗಳಂಥ ಸೀಲ್ ಪ್ರಾಣಿಗಳು, ಕಡಲಾಮೆಗಳು, ಒಬ್ಬ ಮನುಷ್ಯನನ್ನು ಬೆನ್ನ ಮೇಲೆ ಹೊತ್ತು ನಡೆಯಬಲ್ಲ ಭಾರೀ ನೆಲದಾಮೆಗಳು, ಹಾವಿನಂತೆ ಕಾಣುವ ದೊಡ್ಡ ಓತಿಗಳು. ನೀರು ಸಿಗಲಿಲ್ಲ. ಮರುದಿನ ಎತ್ತರದ ಬೆಟ್ಟಗಳಿದ್ದ ಮತ್ತೊಂದು ದೊಡ್ಡ ದ್ವೀಪ ಕಂಡಿತು. ಇಷ್ಟು ದೊಡ್ಡ ಬೆಟ್ಟವಿದ್ದಲ್ಲಿ ನದಿಯೂ ಹಣ್ಣೂ ಇರಲೇಬೇಕೆಂದು ಎಲ್ಲರೂ ಭಾವಿಸಿದರು. ಕಣ್ಣಿಗೆ ಹತ್ತಿರವಿದ್ದ ಆ ದಡವನ್ನು ಮುಟ್ಟಲು ಗಾಳಿಯಿಲ್ಲದೆ ಮೂರು ದಿನ ಹಿಡಿಯಿತು. ಆ ಮೂರು ದಿನಗಳಲ್ಲಿ ಹಡಗಿನ ನೀರು ಪೂರ್ತಿಯಾಗಿ ಮುಗಿಯಿತು.

ಲಂಗರು ಹಾಕಿ ಎಲ್ಲರೂ ಕುದುರೆಗಳೊಡನೆ ಇಳಿದರು. ಕೆಲವರು ಬಾವಿ ತೋಡಿದರು. ಬಾವಿಯಲ್ಲಿ ಬಂದ ನೀರು ಸಮುದ್ರದ ನೀರಿಗಿಂತಲೂ ಉಪ್ಪಾಗಿತ್ತು. ಉಳಿದವರು ಕಲ್ಲುಗಳ ನಡುವೆ ಅಲೆದರು. ಎರಡು ದಿನ ಒಂದು ಹನಿಯೂ ದೊರೆಯಲಿಲ್ಲ. ಕೊನೆಗೆ ಅಲ್ಲಿ ಬೆಳೆದಿದ್ದ ಪಾಪಾಸುಕಳ್ಳಿಯ ದಪ್ಪ ಎಲೆಗಳನ್ನು ಕಿತ್ತು, ಜಜ್ಜಿ, ಹಿಂಡಿ, ಬಟ್ಟೆ ಒಗೆದ ನೀರಿನಂತಿದ್ದ ಆ ರಸವನ್ನು ಪನ್ನೀರೆಂಬಂತೆ ಕುಡಿದರು. ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಬೇಸಗೆಯಲ್ಲಿ ಆ ದ್ವೀಪಗಳ ಆಮೆಗಳು ಬದುಕುವುದು ಇದೇ ಕಳ್ಳಿಯನ್ನು ತಿಂದು. ಒಂದು ವರ್ಷದವರೆಗೂ ಆಹಾರ ನೀರುಗಳಿಲ್ಲದೆ ಇರಬಲ್ಲ ಆ ಪ್ರಾಣಿ ತನ್ನ ಒಡಲಿನಲ್ಲಿ ನೀರನ್ನು ಕೂಡಿಟ್ಟುಕೊಂಡಿರುತ್ತದೆ; ಅದು ಮಲೆಯ ಮೇಲಿನ ಒರತೆಗಳಿಗೆ ಹೋಗಿಬರುವ ಹಾದಿಗಳು ನೆಲದಲ್ಲಿ ಸವೆದು ಕಾಣುತ್ತವೆ. ಮುಂದಿನ ಶತಮಾನಗಳ ನಾವಿಕರು ಆ ಹಾದಿಗಳನ್ನು ಹಿಡಿದೇ ನೀರು ಕಂಡುಕೊಂಡರು. ಬಾಯಾರಿದ್ದ ಈ ಮೊದಲಿಗರಿಗೆ ಆ ಲಿಪಿಯನ್ನು ಓದಲು ಬರುತ್ತಿರಲಿಲ್ಲ, ಕಲಿಸುವವರೂ ಇರಲಿಲ್ಲ.

ಅಷ್ಟರಲ್ಲಿ ಭಾನುವಾರ ಬಂತು. ಅದು ತಪಸ್ಸುಕಾಲದ ಐದನೆಯ ಭಾನುವಾರ. ಆಗಿನ ಪಂಚಾಂಗದಲ್ಲಿ ಪಾಡುಗಳ ಭಾನುವಾರ, ಮಾರ್ಚ್ 14. ನಮ್ಮ ಹಿರಿಯ ವಾಚಕರಿಗೆ ಆ ಹೆಸರು ನೆನಪಿದ್ದೀತು. ದೇವಾಲಯದ ಶಿಲುಬೆಗಳಿಗೂ ಪ್ರತಿಮೆಗಳಿಗೂ ನೇರಳೆ ಬಟ್ಟೆ ಹೊದಿಸುತ್ತಿದ್ದ ದಿನವದು. ಧರ್ಮಾಧ್ಯಕ್ಷರು ಬಲಿಪೂಜೆಗೆ ಬೇಕಾದ ಪರಿಕರಗಳನ್ನು ಹಡಗಿನಿಂದ ದಡಕ್ಕೆ ತರಿಸಿದರು. ಕರಿಯ ಬೂದಿಗಲ್ಲಿನ ಆ ತೀರದಲ್ಲಿ, ಒಣಗಿದ ನಾಲಿಗೆಗಳ ನಡುವೆ, ಪೂಜೆ ನಡೆಯಿತು. ಬಲಿಪೂಜೆಯ ಪಾತ್ರೆಯಲ್ಲಿ ದ್ರಾಕ್ಷಾರಸದೊಡನೆ ಒಂದು ಹನಿ ನೀರನ್ನು ಬೆರೆಸುವ ವಿಧಿಯುಂಟಷ್ಟೆ. ಆ ಹನಿಯನ್ನು ಅಂದು ಎಲ್ಲಿಂದ ತಂದರೆಂಬುದನ್ನು ಅವರು ಬರೆದಿಲ್ಲ. ಯಾಜಕರಾದ ನಮಗೆ ಅವರ ಪತ್ರವನ್ನು ಓದುವಾಗಲೆಲ್ಲ ಆ ಒಂದು ಹನಿಯ ಮೇಲೆಯೇ ಕಣ್ಣು ನಿಲ್ಲುತ್ತದೆ.

ಪೂಜೆ ಮುಗಿದೊಡನೆ ಅವರು ಪವಾಡವನ್ನು ಕಾಯುತ್ತ ಕೂಡಲಿಲ್ಲ. ಜನರನ್ನು ಇಬ್ಬಿಬ್ಬರಾಗಿ, ಮೂವರು ಮೂವರಾಗಿ ವಿಂಗಡಿಸಿ, ಬೇರೆ ಬೇರೆ ದಿಕ್ಕುಗಳಿಗೆ ಮತ್ತೆ ಹುಡುಕಲು ಕಳುಹಿಸಿದರು. ಒಂದು ಕಮರಿಯಲ್ಲಿ, ಬಂಡೆಗಳ ಸಂದಿಯಲ್ಲಿ, ಸ್ವಲ್ಪ ನೀರು ಸಿಕ್ಕಿತು. ಅದನ್ನು ಮೊಗೆದಂತೆಲ್ಲ ಇನ್ನಷ್ಟು ಒಸರಿತು. ಎಂಟು ಪೀಪಾಯಿಗಳನ್ನೂ ಇದ್ದಬದ್ದ ಹೂಜಿಗಳನ್ನೂ ತುಂಬಿಕೊಂಡರು. ದೇವರ ಕೃಪೆಯೆಂದೇ ಅವರು ಅದನ್ನು ಕಂಡರು. ಆದರೆ ಒಬ್ಬ ಮನುಷ್ಯ ಅದಾಗಲೇ ನೀರಿಲ್ಲದೆ ಸತ್ತಿದ್ದ; ದ್ವೀಪವನ್ನು ಬಿಟ್ಟ ಎರಡು ದಿನಗಳ ಮೇಲೆ ಇನ್ನೊಬ್ಬ ಸತ್ತ; ಹತ್ತು ಕುದುರೆಗಳು ಸತ್ತವು. ಪತ್ರದಲ್ಲಿ ಕೃಪೆಯನ್ನೂ ಈ ಲೆಕ್ಕವನ್ನೂ ಅವರು ಅಕ್ಕಪಕ್ಕದಲ್ಲಿಯೇ ಬರೆದಿದ್ದಾರೆ. ಒಂದು ಮತ್ತೊಂದನ್ನು ಮರೆಮಾಡಲು ಬಿಟ್ಟಿಲ್ಲ. ಸತ್ತ ಇಬ್ಬರ ಹೆಸರುಗಳು ಅದರಲ್ಲಿಲ್ಲ.

ದ್ವೀಪಗಳನ್ನು ಬಿಟ್ಟ ಮೇಲೂ ಕಷ್ಟ ಮುಗಿಯಲಿಲ್ಲ. ಪೆರುವಿನ ತೀರ 20-30 ಲೀಗುಗಳಿಗಿಂತ ದೂರವಿರಲಾರದೆಂಬ ಭ್ರಮೆಯಲ್ಲಿ ಹೊರಟರು. ಒಂದು ಲೀಗ್ ಎಂದರೆ ಸುಮಾರು 5.5 ಕಿಲೋಮೀಟರ್. ಹನ್ನೊಂದು ದಿನ ಸಾಗಿದರೂ ನೆಲ ಕಾಣಲಿಲ್ಲ. ಒಂದೇ ಪೀಪಾಯಿ ನೀರು ಉಳಿದಿರುವಾಗ ಹಡಗಿನ ಒಡೆಯನೂ ಚುಕ್ಕಾಣಿಗನೂ ಬಂದು, ನಾವೆಲ್ಲಿದ್ದೇವೆಂದು ಧರ್ಮಾಧ್ಯಕ್ಷರನ್ನೇ ಕೇಳಿದರು! ಅವರು ತಾವೇ ಸೂರ್ಯನ ಎತ್ತರವನ್ನು ಅಳೆದು ನೋಡಿದರು. ಹಡಗು ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ 3 ಡಿಗ್ರಿಯಲ್ಲಿತ್ತು. ಹಿಡಿದ ದಿಕ್ಕು ದಡದಿಂದ ದೂರ ಒಯ್ಯುತ್ತಿತ್ತು. ಹಾಯಿಯನ್ನು ತಿರುಗಿಸಲು ಹೇಳಿದರು. ಉಳಿದ ನೀರಿನಲ್ಲಿ ಅರ್ಧವನ್ನು ಪ್ರಾಣಿಗಳಿಗೆ ಕೊಟ್ಟರು, ಅರ್ಧಕ್ಕೆ ದ್ರಾಕ್ಷಾರಸ ಬೆರೆಸಿ ಜನರಿಗೆ ಅಳೆದು ಹಂಚಿದರು. ಅದು ಎಂಟು ದಿನಕ್ಕೆ ಬಂತು. ಪೀಪಾಯಿ ಬರಿದಾದ ಹೊತ್ತಿಗೆ ನೆಲ ಕಂಡಿತು. ಕಂಡ ಮೇಲೂ ಎರಡು ದಿನ ಗಾಳಿಯಿಲ್ಲದೆ ಬರಿಯ ದ್ರಾಕ್ಷಾರಸವನ್ನು ಕುಡಿದು ಕಾದರು. ಏಪ್ರಿಲ್ 9, ಶುಕ್ರವಾರ, ಕರಾಕೆಸ್ ಕೊಲ್ಲಿಯನ್ನು ಹೊಕ್ಕರು. ಆ ವರ್ಷ ಪಾಸ್ಖ ಹಬ್ಬ ಮಾರ್ಚ್ 28ರಂದು ಬಿದ್ದಿತ್ತು. ಎಂದರೆ ಶುಭ ಶುಕ್ರವಾರವೂ ಪುನರುತ್ಥಾನದ ಭಾನುವಾರವೂ ಅವರಿಗೆ ನೀರನ್ನು ಅಳೆದು ಕುಡಿಯುತ್ತಿದ್ದ ದಿನಗಳಲ್ಲಿಯೇ ಕಳೆದುಹೋದವು.

ಏಪ್ರಿಲ್ 26ರಂದು ಪೋರ್ತೊವಿಯೇಹೊ ಊರಿನಿಂದ ಅವರು ಚಕ್ರವರ್ತಿಗೆ ಬರೆದ ಪತ್ರವೇ ಈ ವೃತ್ತಾಂತಕ್ಕೆಲ್ಲ ಆಧಾರ. ಹೊಸ ನೆಲ ಕಂಡವರು ಅದಕ್ಕೆ ರಾಜನ ಹೆಸರನ್ನೋ ಸಂತರ ಹೆಸರನ್ನೋ ಇಡುವುದು ಆ ಕಾಲದ ಪದ್ಧತಿ. ಫ್ರೇ ತೊಮಾಸರು ಒಂದು ದ್ವೀಪಕ್ಕೂ ಹೆಸರಿಡಲಿಲ್ಲ. ಒಟ್ಟು ನಾಲ್ಕು ದ್ವೀಪಗಳನ್ನು ಕಂಡೆವೆಂದು, ಅವುಗಳ ಸುತ್ತಳತೆ ಇಷ್ಟೆಂದು ಬರೆದು ಮುಗಿಸಿದರು. ಸ್ಪೇನಿನ ಭಾಷೆಯಲ್ಲಿ ಆಮೆಯೆಂಬ ಅರ್ಥವುಳ್ಳ ಗಲಾಪಗೊ ಎಂಬ ಶಬ್ದದಿಂದ ಹುಟ್ಟಿದ ಹೆಸರು ಓರ್ತೇಲಿಯಸನ 1570ರ ಭೂಪಟದಲ್ಲಿ ಕಾಣಿಸಿಕೊಂಡಿತು.

ಆ ನೆಲದ ಬಗ್ಗೆ ಅವರ ತೀರ್ಪು ಕಠಿಣವಾದುದು. ಒಂದು ಅಳತೆ ಧಾನ್ಯ ಬಿತ್ತುವಷ್ಟು ಜಾಗವೂ ಅಲ್ಲಿಲ್ಲ. ದೇವರು ಯಾವಾಗಲೋ ಕಲ್ಲಿನ ಮಳೆ ಸುರಿಸಿದಂತಿದೆ. ಮಣ್ಣು ಕುಲುಮೆಯ ಕಿಟ್ಟದಂತೆ ನಿಷ್ಪ್ರಯೋಜಕ. ಹಕ್ಕಿಗಳು ಎಷ್ಟು ಬುದ್ಧಿಹೀನವೆಂದರೆ ಹಾರಿಹೋಗಲರಿಯದೆ ಕೈಗೇ ಸಿಕ್ಕುತ್ತವೆ. ಇದು ಅವರ ಅಭಿಪ್ರಾಯದ ಸಾರ. ಸಂತ ತೋಮಾಸ್ ಅಕ್ವಿನಾಸರ ಸಭೆಗೆ ಸೇರಿದ, ಅವರದೇ ಹೆಸರನ್ನು ಹೊತ್ತ ಈ ಧರ್ಮಾಧ್ಯಕ್ಷರು ಸಾಲಮಾಂಕದಲ್ಲಿ ಬೇರೊಂದು ಪಾಠವನ್ನು ಕಲಿತಿದ್ದಿರಬೇಕು. ಯಾವುದು ಇದೆಯೋ ಅದು ಇರುವಷ್ಟರ ಮಟ್ಟಿಗೆ ಒಳ್ಳೆಯದೇ. ದೇವರ ಒಳ್ಳೆಯತನವನ್ನು ಒಂದೇ ಬಗೆಯ ಸೃಷ್ಟಿ ಪ್ರಕಟಿಸಲಾರದಾದ ಕಾರಣ ನಾನಾ ಬಗೆಯ ಜೀವಿಗಳಿವೆ ಎಂಬುದು ಆ ಮಹಾಗುರುವಿನ ಬೋಧೆ. ಗುರುಮಠದಲ್ಲಿ ನಾವೂ ಅದನ್ನು ಲ್ಯಾಟಿನ್ ಸೂತ್ರವಾಗಿ ಬಾಯಿಪಾಠ ಮಾಡಿದ್ದೇವೆ. ಹಾಗಿದ್ದೂ ಫ್ರೇ ತೊಮಾಸರು ನೆಲವನ್ನು ಬಿತ್ತನೆಯ ಅಳತೆಯಿಂದ ಅಳೆದರಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ನಮ್ಮ ಮಟ್ಟಿಗೆ ಆ ಆಕ್ಷೇಪ ಹುರುಳಿಲ್ಲದ್ದು. ಒಂದು ಹಡಗಿನ ಜನರ ಪ್ರಾಣ ಯಾರ ಕೈಯಲ್ಲಿದೆಯೋ ಅವರು ನೆಲವನ್ನು ನೋಡಿ ಮೊದಲು ಕೇಳಬೇಕಾದುದು ನೀರೆಲ್ಲಿ ಎಂಬ ಪ್ರಶ್ನೆಯನ್ನೇ. ಇಬ್ಬರನ್ನು ಕಳೆದುಕೊಂಡ ಮೇಲೂ ಹಕ್ಕಿ, ಓತಿ, ಆಮೆ, ಹರಳುಗಲ್ಲುಗಳನ್ನು ಅವರು ನೋಡಿದರು, ನೋಡಿದ್ದನ್ನು ಹಿಗ್ಗಿಸದೆ ಕುಗ್ಗಿಸದೆ ಬರೆದರು. ನಮಗೆ ಅದೇ ಆಶ್ಚರ್ಯ. ಹಕ್ಕಿಗಳ ವಿಷಯದಲ್ಲಿ ಮಾತ್ರ ಅವರ ಮಾತನ್ನು ಒಪ್ಪುವುದು ಕಷ್ಟ. ಆ ಹಕ್ಕಿಗಳು ಅದುವರೆಗೆ ಮನುಷ್ಯನನ್ನು ಕಂಡು ಹೆದರಬೇಕಾದ ಪ್ರಸಂಗವೇ ಬಂದಿರಲಿಲ್ಲ.

ಆ ಪ್ರಸಂಗ ಬೇಗ ಬಂತು. ಕಡಲ್ಗಳ್ಳರು, ಆಮೇಲೆ ತಿಮಿಂಗಿಲ ಬೇಟೆಗಾರರು ಆ ದ್ವೀಪಗಳಿಗೆ ಮುತ್ತಿದರು. ತಿಂಗಳುಗಟ್ಟಲೆ ಮೇವಿಲ್ಲದೆ ಬದುಕುವ ಆಮೆಗಳನ್ನು ಜೀವಂತವಾಗಿಯೇ ಹಡಗಿನ ತಳದಲ್ಲಿ ಒಂದರ ಮೇಲೊಂದು ಪೇರಿಸಿಕೊಂಡು, ಬೇಕಾದಾಗ ಕಡಿದು ತಿಂದರು. ಹೀಗೆ ನಾಶವಾದ ಆಮೆಗಳು ಒಂದು ಲಕ್ಷಕ್ಕೂ ಹೆಚ್ಚೆಂದು ಅಂದಾಜು. 1959ರಲ್ಲಿ ಎಕ್ವಡಾರ್ ಸರ್ಕಾರ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತು. 1978ರಲ್ಲಿ ಯುನೆಸ್ಕೊ ಸಂಸ್ಥೆ ವಿಶ್ವ ಪರಂಪರೆಯ ತಾಣಗಳ ಮೊತ್ತಮೊದಲ ಪಟ್ಟಿಯಲ್ಲಿ ಅದನ್ನು ಸೇರಿಸಿತು. ಪಿಂಟಾ ದ್ವೀಪದ ಆಮೆಗಳ ಕೊನೆಯ ಕುಡಿ, ಒಂಟಿ ಜಾರ್ಜ್ ಎಂದು ಲೋಕವೆಲ್ಲ ಕರೆಯುತ್ತಿದ್ದ ಗಂಡಾಮೆ, 2012ರ ಜೂನ್ 24ರಂದು ಸತ್ತಿತು. ಬಿತ್ತಲು ಬಾರದ ಆ ನೆಲದ ಮೇಲೆ ಇಂದು ಪ್ರಯಾಣಿಕರು ಹೆಜ್ಜೆಯನ್ನೂ ಅಳೆದು ಇಡುತ್ತಾರೆ.

ಫ್ರೇ ತೊಮಾಸರು ಪೆರುವಿನ ಹೊಸ ರಾಜಧಾನಿ ಲೀಮಾ ತಲುಪಿದರು. ಇತ್ತ ಪಿಸಾರೊ ಮತ್ತು ಅಲ್ಮಾಗ್ರೊ 1535ರ ಜೂನ್ ತಿಂಗಳಲ್ಲಿ ಕುಸ್ಕೊ ನಗರದಲ್ಲಿ ಬಲಿಪೂಜೆಯ ಸಂದರ್ಭದಲ್ಲಿಯೇ, ಪವಿತ್ರ ಸಂಸ್ಕಾರದ ಮುಂದೆ, ಒಬ್ಬರಿಗೊಬ್ಬರು ದ್ರೋಹ ಬಗೆಯುವುದಿಲ್ಲವೆಂದು ಪ್ರಮಾಣ ಮಾಡಿಕೊಂಡಿದ್ದರು. ಅಲ್ಮಾಗ್ರೊ ಚಿಲಿಯತ್ತ ದಂಡೆತ್ತಿ ಹೋದ. ಲೀಮಾದಲ್ಲಿದ್ದ ಪಿಸಾರೊ ಗಡಿ ಗುರುತಿಸುವ ಕೆಲಸಕ್ಕೆ ಸಹಕರಿಸಲಿಲ್ಲ. ಧರ್ಮಾಧ್ಯಕ್ಷರು ಖಜಾನೆಯ ಲೆಕ್ಕಪತ್ರಗಳನ್ನು ಕುರಿತು ಸಾಕ್ಷಿಗಳನ್ನು ಕರೆಸಿ ವಿಚಾರಣೆ ನಡೆಸಿದರು. ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಕೇಳಿದರು. ಗಡಿಯ ಕೆಲಸ ಮಾತ್ರ ಆಗಲಿಲ್ಲ. ಬರಿಗೈಯಲ್ಲಿ ಪನಾಮಕ್ಕೆ ಮರಳಿದರು. ಮುಂದಿನ ಕಥೆ ಚರಿತ್ರೆ ಬಲ್ಲವರಿಗೆ ಗೊತ್ತು: ಪ್ರಮಾಣ ಮುರಿಯಿತು, 1538ರಲ್ಲಿ ಅಲ್ಮಾಗ್ರೊ ಸೋತು ಸೆರೆಯಲ್ಲಿ ಕೊಲ್ಲಲ್ಪಟ್ಟ, 1541ರಲ್ಲಿ ಅವನ ಕಡೆಯವರು ಪಿಸಾರೊನನ್ನು ಅವನ ಮನೆಯಲ್ಲಿಯೇ ಇರಿದು ಕೊಂದರು.

ಸಮುದ್ರ ತಡೆಯದಿದ್ದರೆ, ಅವರು ಒಂದು ತಿಂಗಳು ಮುಂಚೆ ತಲುಪಿದ್ದರೆ ಈ ರಕ್ತಪಾತ ತಪ್ಪುತ್ತಿತ್ತೇ? ಕೆಲವರು ಹಾಗೆಣಿಸಿಯಾರು. ನಮಗೇನೋ ಅದರಲ್ಲಿ ನಂಬಿಕೆಯಿಲ್ಲ. ಪವಿತ್ರ ಸಂಸ್ಕಾರದ ಮುಂದೆ ಕೈಯಿಟ್ಟು ಹೇಳಿದ ಮಾತನ್ನು ಉಳಿಸಿಕೊಳ್ಳದವರು ನಕಾಶೆಯ ಮೇಲೆ ಧರ್ಮಾಧ್ಯಕ್ಷರೊಬ್ಬರು ಎಳೆದ ಗೆರೆಯನ್ನು ಉಳಿಸಿಕೊಳ್ಳುತ್ತಿದ್ದರೇ?

1537ರಲ್ಲಿ ಅವರು ಧರ್ಮಾಧ್ಯಕ್ಷ ಪದವಿಗೆ ರಾಜೀನಾಮೆ ಇತ್ತು ಸ್ಪೇನಿಗೆ ಹಿಂದಿರುಗಿದರು. ಮತ್ತೆ ಅವರು ಯಾವ ದೊಡ್ಡ ಹುದ್ದೆಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. 1551ರ ಆಗಸ್ಟ್ 8ರಂದು ಹುಟ್ಟೂರು ಬೆರ್ಲಾಂಗದಲ್ಲಿ ತೀರಿಕೊಂಡರು. ಅಲ್ಲಿನ ದೊಡ್ಡ ದೇವಾಲಯದಲ್ಲಿಯೇ ಅವರ ಸಮಾಧಿಯಿದೆ. ಆ ದೇವಾಲಯದ ಒಳಗೋಡೆಯ ಮೇಲೆ ಇಂದಿಗೂ ಒಂದು ವಿಚಿತ್ರ ವಸ್ತು ತೂಗಾಡುತ್ತಿದೆ. ಅದು ಅವರು ಅಮೆರಿಕದಿಂದ ತಂದರೆನ್ನಲಾದ, ಒಳಗೆ ಹುಲ್ಲು ತುರುಕಿದ ಮೊಸಳೆಯ ಒಣಚರ್ಮ. ಊರವರು ಅದನ್ನು ಫ್ರೇ ತೊಮಾಸರ ಹಲ್ಲಿ ಎಂದು ಕರೆಯುತ್ತಾರೆ.